ಬೀರು ತಿರುಗದ ಮೂಲೆ

ಬುಧವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ, ಊಟವಾದ ಮೇಲೆ

ಹಗಲು ಹೊತ್ತು ಮಲಗುವ ಪೂರ್ಣ ಹಕ್ಕುಳ್ಳವಳೂ, ನಮ್ಮ ಮನೆಯಲ್ಲಿ ಆ ಹಕ್ಕನ್ನು ಒಂದು ದಿನವೂ ಚಲಾಯಿಸಲಾಗದೆ ಹೋದವಳೂ ಆದ ನಿನಗೆ,

ನಿನ್ನ ಚೀಟಿ ತಲುಪಿ ಹತ್ತು ದಿನವಾಯಿತು. ಭಾನುವಾರ ಭಾನುವಾರ ನಿನ್ನನ್ನು ನೋಡಲು ಬರುವ ನಮ್ಮ ಮಗಳು ಗುಬ್ಬಿ, ಅಂದರೆ ಸದ್ಯಕ್ಕೆ ನಮ್ಮಿಬ್ಬರ ನಡುವಿನ ಅಂಚೆ ಇಲಾಖೆ, ಅದನ್ನು ಗಣಿತ ಪುಸ್ತಕದ ನಡುವೆ ಇಟ್ಟು ತಂದು, ಶೂ ಬಿಚ್ಚುವ ಮೊದಲೇ ನನ್ನ ಕೈಗಿತ್ತಳು. ಅಮ್ಮ ಒಂದೇ ನಿಮಿಷದಲ್ಲಿ ಬರೆದು ಮುಗಿಸಿದಳು ಎಂಬ ವರದಿಯನ್ನೂ ಒಪ್ಪಿಸಿದಳು. ನಾನು ಮೂರು ಸಂಜೆ ಕೂತು, ಸ್ಕೇಲು ಹಿಡಿದು, ಕೊಳ್ಳಲು ನೋಡಿದ ಎರಡು ಮನೆಗಳ ಬಗ್ಗೆ ಆರು ಪುಟ ಬರೆದು ಕಳಿಸಿದ್ದೆ. ಅದಕ್ಕೆ ನೀನು ಆಸ್ಪತ್ರೆಯಲ್ಲಿ ಜ್ವರ ಬರೆಯುವ ಪಟ್ಟಿಯ ಹಿಂಬದಿಯಲ್ಲಿ ಎರಡು ಸಾಲು ಬರೆದೆ:

"ಎಷ್ಟು ದೊಡ್ಡದು ಅಂತ ಬರೆದಿದ್ದೀರಿ. ನಾನು ಎಲ್ಲಿ ಮಲಗ್ತೀನಿ ಅಂತ ಬರೆದಿಲ್ಲ."

ಓದಿದ ಕೂಡಲೇ ನನಗೆ ಸಿಟ್ಟು ಬಂತು. ಬೆಡ್‌ರೂಮಿನ ಅಳತೆಯನ್ನು ನಾಲ್ಕನೇ ಪುಟದಲ್ಲಿ, ಕೆಂಪು ಶಾಯಿಯಲ್ಲಿ, ಅಡಿಗೆರೆ ಸಮೇತ ಬರೆದಿದ್ದೆನಲ್ಲ! ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಇನ್ನೆಲ್ಲಿ ಮಲಗುತ್ತೀಯ, ಅಡುಗೆಮನೆಯ ಕಟ್ಟೆಯ ಮೇಲೆಯೇ? ಹೀಗೆಂದು ಅವತ್ತೇ ಒಂದು ಉತ್ತರ ಬರೆದೆ. ಕಳಿಸಲಿಲ್ಲ. ಮರುದಿನ ಇನ್ನೊಂದು ಬರೆದೆ, ಅದನ್ನೂ ಕಳಿಸಲಿಲ್ಲ. ಈಗ ಬರೆಯುತ್ತಿರುವುದು ಮೂರನೆಯದು. ಮಧ್ಯದಲ್ಲಿ ಏನೇನಾಯಿತು ಎಂದು ಕ್ರಮವಾಗಿ ಹೇಳುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಬೇಡ ಎಂದು ಆಜ್ಞೆ ಹೊರಡಿಸಿದವಳು ನೀನೇ. ಫೋನಿನಲ್ಲಿ ನಾನು ನಗಿಸಿಬಿಡುತ್ತೇನೆ, ನಕ್ಕ ಮೇಲೆ ಹೇಳಬೇಕಾದದ್ದು ಮರೆತುಹೋಗುತ್ತದೆ, ಇಟ್ಟ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬರುತ್ತದೆ ಎಂಬುದು ನಿನ್ನ ಆರೋಪಪಟ್ಟಿ. ಒಪ್ಪಿದೆ. ಬರವಣಿಗೆಯಲ್ಲಿ ನನ್ನ ತಮಾಷೆಗೆ ಅಷ್ಟು ಶಕ್ತಿಯಿಲ್ಲ ಎಂದು ನೀನು ನಂಬಿರುವುದು ಮಾತ್ರ ಸ್ವಲ್ಪ ನೋವಿನ ಸಂಗತಿ. ಇರಲಿ.

ಆ ಆರು ಪುಟಗಳನ್ನು ನೀನು ಓದಿರಲಾರೆ, ಓದಿದ್ದರೂ ನಿದ್ದೆ ಬಂದಿರುತ್ತದೆ (ಬಂದಿದ್ದರೆ ಬರೆದದ್ದು ಸಾರ್ಥಕ). ಚುಟುಕಾಗಿ ಮತ್ತೆ ಹೇಳಿಬಿಡುತ್ತೇನೆ. ಮನೆಗಳು ಎರಡು. ದೊಡ್ಡದು ಸಾವಿರದ ಆರುನೂರ ಐವತ್ತು ಚದರಡಿ. ಚಿಕ್ಕದು ಸಾವಿರದ ನಲವತ್ತು. ದೊಡ್ಡದು ಹಳೆಯ ಕಟ್ಟಡದಲ್ಲಿ, ಊರಂಚಿನಲ್ಲಿ ಇರುವುದರಿಂದ ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಎರಡನ್ನೂ ತೋರಿಸುತ್ತಿರುವ ದಲ್ಲಾಳಿ ಒಬ್ಬರೇ. ಅವರಿಗೆ ನಾನೂ ಗುಬ್ಬಿಯೂ ಸೇರಿ 'ಚದರಡಿ ಸಾಹೇಬರು' ಎಂದು ನಾಮಕರಣ ಮಾಡಿದ್ದೇವೆ. ಅವರು ಯಾವ ಮನೆಯ ಬಾಗಿಲು ತೆಗೆದರೂ ಒಳಗೆ ಕಾಲಿಡುವ ಮೊದಲು ಸಂಖ್ಯೆ ಹೇಳುತ್ತಾರೆ, ಪೂಜಾರಿ ಮಂತ್ರ ಹೇಳಿದ ಹಾಗೆ. ಬಾಲ್ಕನಿ ಸೇರಿಸಿ ಒಂದು ಸಂಖ್ಯೆ, ಬಿಟ್ಟು ಒಂದು, ಗೋಡೆಯ ದಪ್ಪ ಸೇರಿಸಿ ಮತ್ತೊಂದು. ಮನೆಯನ್ನು ಗೋಡೆಯ ದಪ್ಪದ ಮೇಲೆ ಕೊಳ್ಳುವವರು ಯಾರಪ್ಪ ಎಂದು ನಾನು ಮನಸ್ಸಿನಲ್ಲಿ ನಕ್ಕೆ. ಆಮೇಲೆ ಮನೆಗೆ ಬಂದು ಆರು ಪುಟ ಅದನ್ನೇ ಬರೆದೆ.

ಪೂರ್ತಿ ತಪ್ಪು ನನ್ನದೂ ಅಲ್ಲ. ಇಪ್ಪತ್ತೊಂದು ವರ್ಷ ಮನೆ ಸಾಮಾನು ಸಾಗಿಸುವ ಕಂಪನಿಯ ಅನ್ನ ತಿಂದ ಮನುಷ್ಯ ನಾನು. ಮೊದಲ ಎಂಟು ವರ್ಷ ಬೆನ್ನ ಮೇಲೆ ಹೊತ್ತೆ, ಈಗ ಹೊರಬೇಕಾದದ್ದನ್ನು ಮುಂಚಿತವಾಗಿ ಹೋಗಿ ನೋಡಿ ಬರುತ್ತೇನೆ. ಯಾವ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ಒಂದು ಸುತ್ತು ಕಣ್ಣಾಡಿಸಿ, 'ಒಂದೂವರೆ ಲಾರಿ' ಎಂದು ಹೇಳಬಲ್ಲೆ. ಇಡೀ ಕಂಪನಿಯಲ್ಲಿ ನನ್ನ ಮಾತು ಅರ್ಧ ಲಾರಿ ಕೂಡ ತಪ್ಪಿದ್ದಿಲ್ಲ. ಹೊಸ ಮನೆಗೆ ಹೋದರೆ ನಾನು ಮೊದಲು ನೋಡುವುದು ಮುಂಬಾಗಿಲಿನ ಅಗಲ, ಆಮೇಲೆ ಮೆಟ್ಟಿಲಿನ ತಿರುವು, ಆಮೇಲೆ ಒಳಗಿನ ಮೂಲೆಗಳು. ಸಾಮಾನು ನೇರ ಹೋಗುವ ಮನೆ ಒಳ್ಳೆಯ ಮನೆ. ಓರೆ ಮಾಡಿ, ಎತ್ತಿ, ಕಾಲು ಬಿಚ್ಚಿ, ದೇವರಿಗೆ ಕೈಮುಗಿದು ಒಳಗೆ ತಳ್ಳಬೇಕಾದ ಮನೆ ಕೆಟ್ಟ ಮನೆ. ಇಷ್ಟು ವರ್ಷದಲ್ಲಿ ಜನ ನನ್ನನ್ನು ಸೋಫಾ ಹೋಗುತ್ತದೆಯೇ ಎಂದು ಕೇಳಿದ್ದಾರೆ, ಫ್ರಿಜ್ಜು, ಪಿಯಾನೊ, ಒಂದು ಸಲ ಮೀನಿನ ತೊಟ್ಟಿ ಹೋಗುತ್ತದೆಯೇ ಎಂದು ಕೇಳಿದ್ದಾರೆ. ಇಲ್ಲಿ ನಾನು ಎಲ್ಲಿ ಮಲಗುತ್ತೇನೆ ಎಂದು ಯಾರೂ ಕೇಳಿರಲಿಲ್ಲ. ನೀನೇ ಮೊದಲನೆಯವಳು.

ಆ ಲೆಕ್ಕದಲ್ಲಿ ದೊಡ್ಡ ಮನೆ ನನಗೆ ಸ್ವರ್ಗವಾಗಿ ಕಂಡಿತು. ಹಾಲ್‌ನಲ್ಲಿ ಮಿನಿ ಬಸ್ಸು ತಿರುಗಿಸಬಹುದು. ನಾಲ್ಕು ಕೋಣೆಗಳೂ ಹಾಲ್‌ಗೇ ಬಾಯಿ ತೆರೆದಿವೆ, ಎಲ್ಲ ಬಾಗಿಲೂ ನೇರಾನೇರ. ನನ್ನ ಬೀರು ಲಾರಿಯಿಂದ ಇಳಿದು ಒಂದು ಸಲವೂ ಮೈ ಬಗ್ಗಿಸದೆ ರಾಜನ ಹಾಗೆ ನಡೆದು ಹೋಗಿ ನಿಲ್ಲಬಹುದು. ಚಿಕ್ಕ ಮನೆಗೆ ಹೋದಾಗ ನಾನು ಎರಡೇ ನಿಮಿಷದಲ್ಲಿ ಹೊರಗೆ ಬಂದೆ. ಹಾಲ್ ದಾಟಿ ಮಲಗುವ ಕೋಣೆಗೆ ಹೋಗುವ ಪ್ಯಾಸೇಜು ಮಧ್ಯದಲ್ಲಿ ಸೊಟ್ಟಗೆ ತಿರುಗುತ್ತದೆ. ಮೊದಲು ಎಡಕ್ಕೆ, ಎರಡು ಹೆಜ್ಜೆ ಹಾಕಿದರೆ ಬಲಕ್ಕೆ, ಆಮೇಲೆ ಬಾಗಿಲು. ಅಲ್ಲಿ ನಿಂತು ನಾನು ನಕ್ಷೆ ಹಾಕಿದವನ ವಂಶವನ್ನೆಲ್ಲ ಬೈದೆ. ಇಲ್ಲಿ ಬೀರು ತಿರುಗುವುದಿಲ್ಲ ಎಂದು ಬರೆದು ಆ ಮನೆಯ ಪುಟಕ್ಕೆ ಅಡ್ಡಗೆರೆ ಎಳೆದೆ. ಬೀರುವಿನ ವಿಷಯ ಆಮೇಲೆ ಬರುತ್ತದೆ.

ಈಗ ನಿನ್ನ ಚೀಟಿ. ಸಿಟ್ಟಿನ ಎರಡು ಉತ್ತರ ಬರೆದ ಮೇಲೆ ಮೂರನೆಯ ದಿನ ನಾನು ಕೆಲಸಕ್ಕೆ ರಜೆ ಹಾಕಿದೆ. ಮೈ ಸರಿಯಿಲ್ಲ ಎಂದು ಹೇಳಿದೆ, ಮ್ಯಾನೇಜರು ನಂಬಿದರು. ಗುಬ್ಬಿ ಶಾಲೆಗೆ ಹೋದ ಮೇಲೆ, ನೀನು ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗುತ್ತಿದ್ದ ಹೊತ್ತಿಗೆ, ಒಂಬತ್ತೂವರೆಗೆ, ನಮ್ಮ ಕೋಣೆಯಲ್ಲಿ ನಿನ್ನ ಬದಿಯಲ್ಲಿ ಮಲಗಿದೆ. ಪರದೆ ಎಳೆದೆ. ಈ ಮನೆಯಲ್ಲಿ ನಾವು ಒಂಬತ್ತು ವರ್ಷದಿಂದ ಇದ್ದೇವೆ. ವಾರದ ದಿನ ಹಗಲು ಹೊತ್ತಿನಲ್ಲಿ ನಾನು ಈ ಮನೆಯೊಳಗೆ ಇದ್ದದ್ದು ಅದೇ ಮೊದಲು. ಊರವರ ಮನೆಗಳನ್ನೆಲ್ಲ ಟೇಪು ಹಿಡಿದು ಅಳೆದು ಬರುತ್ತಿದ್ದವನಿಗೆ ನನ್ನ ಮನೆಯ ಹಗಲು ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಐದು ನಿಮಿಷವಾಗಿರಬೇಕು, ಟಕ್ ಟಕ್.

ನಿನಗೆ ಗೊತ್ತಿರುವ ಸದ್ದೇ. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದ ಅಪ್ಪ ಈಗಲೂ ಯಾವ ಬಾಗಿಲು ದಾಟುವುದಿದ್ದರೂ ಎರಡು ಸಲ ತಟ್ಟುತ್ತಾರೆ, ಬಸ್ಸು ಹೊರಡಬಹುದು ಎಂಬಂತೆ. ಅದು ಅವರ ಮರ್ಯಾದೆ. ಸೊಸೆ ಮಲಗಿರುವ ಕೋಣೆಯನ್ನು ಸುಮ್ಮನೆ ನುಗ್ಗಿ ದಾಟಬಾರದು ಎಂದು ತಟ್ಟುತ್ತಾರೆ. ಟಕ್ ಟಕ್, ಹಾಲ್ ಕಡೆಯ ಬಾಗಿಲು. ಚಪ್ಪಲಿಯ ಸರಸರ. ಟಕ್ ಟಕ್, ಪ್ಯಾಸೇಜಿನ ಬಾಗಿಲು. ಬಚ್ಚಲಿನಲ್ಲಿ ನೀರು. ಮತ್ತೆ ಟಕ್ ಟಕ್, ಮತ್ತೆ ಟಕ್ ಟಕ್. ಹೋಗಿ ಬರುವುದಕ್ಕೆ ನಾಲ್ಕು. ಆಮೇಲೆ ಒಗೆದ ಬಟ್ಟೆ ಹರವಲು ಹಿತ್ತಲಿಗೆ ಒಂದು ಸುತ್ತು. ಒಣಗಿತೇ ಎಂದು ನೋಡಲು ಇನ್ನೊಂದು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಾನು ನಲವತ್ತನಾಲ್ಕು ಟಕ್ಕುಗಳನ್ನು ಎಣಿಸಿ, ಎದ್ದು ಕೂತು ಗೋಡೆ ನೋಡಿದೆ.

ಈ ಮನೆಯ ನಕ್ಷೆ ನಿನಗೆ ಹೇಳಬೇಕಾಗಿಲ್ಲ, ಆದರೂ ಮೊದಲ ಸಲ ನೋಡಿದವನ ಸಂಕಟಕ್ಕೆ ಬರೆಯುತ್ತೇನೆ. ಮುಂದೆ ಹಾಲ್. ಹಾಲ್‌ನ ಹಿಂದೆ ನಮ್ಮ ಕೋಣೆ. ನಮ್ಮ ಕೋಣೆಯ ಪಕ್ಕದ ಬಾಗಿಲು ತೆಗೆದರೆ ಮೂರಡಿ ಅಗಲದ ಪ್ಯಾಸೇಜು, ಅದರ ಕೊನೆಗೆ ಬಚ್ಚಲು, ಹಿತ್ತಲು. ಈ ಪ್ಯಾಸೇಜಿಗೆ ಹಾಲ್‌ನಿಂದ ನೇರವಾಗಿ ಹೋಗಲು ಇನ್ನೊಂದು ಬಾಗಿಲಿದೆ. ಅದನ್ನು ಮಹಡಿಯ ಮೇಲಿರುವ ಮನೆ ಓನರ್ ಮೊಳೆ ಹೊಡೆಸಿ ಮುಚ್ಚಿಸಿದ್ದಾರೆ ಎಂಬುದು ನಮ್ಮ ಸಂಸಾರದ ಇತಿಹಾಸದಲ್ಲಿ ಮೊದಲ ಅಧ್ಯಾಯ. ಆ ಕಾರಣಕ್ಕೇ ನೀನು ಅವರಿಗೆ 'ಮೊಳೆರಾಯ' ಎಂದು ಹೆಸರಿಟ್ಟೆ. ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸಿ ಹೋದೆ. ಹಾಲ್ ಕಡೆಯಿಂದ ಆ ಬಾಗಿಲಿನ ಮುಂದೆ ನನ್ನ ಬೀರು ನಿಂತಿದೆ. ಪ್ಯಾಸೇಜಿನ ಕಡೆಯಿಂದ ನೀನು ಪೊರಕೆ ನೇತುಹಾಕಿದ್ದೀಯ. ಅಂದಹಾಗೆ ಮೊಳೆರಾಯರು ಮೊನ್ನೆ ನಿನ್ನ ಬಗ್ಗೆ ವಿಚಾರಿಸಿದರು. ಸಿಸ್ಟರ್ ಕಾಣ್ತಾ ಇಲ್ವಲ್ಲ, ಆರೋಗ್ಯವಾಗಿದ್ದಾರಾ ಎಂದರು. ನಾನು ಡ್ಯೂಟಿ ಹೆಚ್ಚಾಗಿದೆ ಎಂದು ಹೇಳಿ ಬೇಗ ಕೆಳಗಿಳಿದೆ.

ಆ ಮಧ್ಯಾಹ್ನ ಕೂತಲ್ಲಿ ನನಗೆ ನಾಲ್ಕು ತಿಂಗಳ ಹಿಂದಿನ ಆ ಬೆಳಿಗ್ಗೆ ನೆನಪಾಯಿತು. ನೀನು ಬಂದು, ಕೈ ತೊಳೆದು, ತಟ್ಟೆಯ ಮುಂದೆ ಕೂತು, ತಿನ್ನದೆ, ಒಂದು ಮಾತು ಹೇಳಿದೆ. ರಾತ್ರಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡಲು ಹೋಗಿದ್ದೆ, ಸೂಜಿ ತಾಗುವ ಮೊದಲು ಹೇಗೋ ಹೆಸರು ಓದಿದೆ ಎಂದೆ. ನಿದ್ದೆ ಇಲ್ಲದೆ ಹೀಗಾಗುತ್ತಿದೆ ಎಂದೆ. ಅದಕ್ಕೆ ನಾನು ಏನು ಹೇಳಿದೆ ಎಂಬುದು ನಿನಗೆ ನೆನಪಿದೆ. ನಾನು ಮರೆತಂತೆ ನಟಿಸಿದ್ದೆ, ಮರೆತಿಲ್ಲ. 'ಪಾಪ, ಆ ಪೇಷೆಂಟಿಗೆ ಒಂದು ಇಂಜೆಕ್ಷನ್ ಫ್ರೀ ತಪ್ಪಿಹೋಯ್ತು' ಎಂದೆ. ನೀನು ನಗಲಿಲ್ಲ. ನೀನು ನಗದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಅವತ್ತು ಸಂಜೆ ನೀನು ಎರಡು ಚೀಲ ತುಂಬಿಕೊಂಡು ನರ್ಸುಗಳ ವಸತಿಗೆ ಹೋದೆ, ಸ್ವಲ್ಪ ದಿನ ಅಂತ. ನಿನ್ನ ಸಾಮಾನು ಎರಡೇ ಚೀಲವಾದದ್ದು ನೋಡಿ ನನ್ನೊಳಗಿನ ಕೆಲಸಗಾರ 'ಆಟೋ ಸಾಕು' ಎಂದು ಲೆಕ್ಕ ಹಾಕಿದ. ಅವನನ್ನು ಏನು ಮಾಡಲಿ ಹೇಳು.

ನೀನು ಹೋದ ಮೇಲೆ ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಮನೆ ಚಿಕ್ಕದಾಯಿತು. ದೊಡ್ಡ ಮನೆ ಹುಡುಕಿದರೆ ಬರುತ್ತಾಳೆ. ಕಾಯಿಲೆ ಒಂದು, ಔಷಧಿ ಇನ್ನೊಂದು.

ಟಕ್ಕುಗಳನ್ನು ಎಣಿಸಿದ ಮೇಲೆ ನನಗೊಂದು ಯೋಚನೆ ಹೊಳೆಯಿತು. ಗುಬ್ಬಿ ಭಾನುವಾರ ನಿನಗೆ ಅರ್ಧಂಬರ್ಧ ಹೇಳಿರಬೇಕು, ಅಪ್ಪ ಯಾರದೋ ಮನೆಗೆ ಹೋಗಿ ಮಲಗಿಬಿಟ್ಟ ಅಂತ. ಪೂರ್ತಿ ಕಥೆ ಇದು. ಶನಿವಾರ ಅವಳಿಗೆ ಶಾಲೆಗೆ ರಜೆ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ನಾನು, ಅಪ್ಪ, ಗುಬ್ಬಿ, ಒಂದು ಮಡಿಸುವ ಮಂಚ, ಒಂದು ಸ್ಟೀಲು ತಟ್ಟೆ, ಒಂದು ಸೌಟು, ಇಷ್ಟು ಸರಂಜಾಮಿನೊಂದಿಗೆ ದೊಡ್ಡ ಮನೆಯ ಮುಂದೆ ಇಳಿದೆವು. ಚದರಡಿ ಸಾಹೇಬರು ಬಾಗಿಲಲ್ಲಿ ಕಾಯುತ್ತಿದ್ದರು. ಮಂಚ ನೋಡಿ ಅವರ ಮುಖ ಸಣ್ಣಗಾಯಿತು. ಮುಂಗಡ ಕೊಡದೆ ವಾಸಕ್ಕೇ ಬಂದುಬಿಟ್ಟರೇ ಎಂದು ಭಯವಾಗಿರಬೇಕು. ನಾನು ಬಹಳ ಗಂಭೀರವಾಗಿ, ಇದು ನಮ್ಮ ಮನೆತನದ ಪದ್ಧತಿ, ಕೊಳ್ಳುವ ಮುಂಚೆ ಒಮ್ಮೆ ಮಲಗಿ ನೋಡುತ್ತೇವೆ ಎಂದೆ. ಅಪ್ಪ ಹಿಂದಿನಿಂದ ತಲೆಯಾಡಿಸಿದರು. ಅವರು ಹೀಗೆ ನನ್ನ ಸುಳ್ಳಿಗೆ ಟಿಕೆಟ್ ಹರಿದು ಕೊಟ್ಟದ್ದು ಇದೇ ಮೊದಲಲ್ಲ.

ಎಲ್ಲರಿಗೂ ಕೆಲಸ ಹಂಚಿದೆ. ಅಪ್ಪ ಹತ್ತು ನಿಮಿಷಕ್ಕೊಮ್ಮೆ ಬಚ್ಚಲಿಗೆ ಹೋಗಿ ಬರಬೇಕು, ಎಂದಿನಂತೆ ತಟ್ಟಬೇಕು. ಗುಬ್ಬಿ ಅಡುಗೆಮನೆಯಲ್ಲಿ ತಟ್ಟೆ ಸೌಟು ಬಾರಿಸಬೇಕು, ಪಾತ್ರೆ ತೊಳೆಯುವಷ್ಟೇ, ಮೆರವಣಿಗೆಯಷ್ಟಲ್ಲ. ಚದರಡಿ ಸಾಹೇಬರಿಗೆ ಏನೂ ಹೇಳಬೇಕಾಗಲಿಲ್ಲ, ಅವರು ತಾವಾಗಿಯೇ ಹಾಲ್‌ನಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಸಂಖ್ಯೆಗಳನ್ನು ಕೂಗತೊಡಗಿದರು. ನಾನು ಅತಿ ದೊಡ್ಡ ಕೋಣೆಯಲ್ಲಿ ಮಂಚ ಬಿಡಿಸಿ, ಬಾಗಿಲು ಮುಚ್ಚಿ, ಕಣ್ಣು ಮುಚ್ಚಿದೆ.

ಏನು ಹೇಳಲಿ. ಆ ಹಾಲ್ ಒಂದು ಡೊಳ್ಳು. ನಾಲ್ಕು ಕೋಣೆಗಳು ಅದಕ್ಕೆ ಕಟ್ಟಿದ ನಾಲ್ಕು ಕಿವಿ. ನಲವತ್ತು ಅಡಿ ಆಚೆ ಅಪ್ಪ ಟಕ್ ಟಕ್ ಎಂದರೆ ನನ್ನ ದಿಂಬಿನ ಕೆಳಗೆ ಟಕ್ ಟಕ್ ಎನ್ನುತ್ತದೆ. ಸೌಟಿನ ಸದ್ದು ನೇರ ಬಾಗಿಲಿಗೆ ಬಂದು, ಕೆಳಗಿನ ಸಂದಿನಲ್ಲಿ ಒಳಗೆ ನುಸುಳಿ, ಎದುರು ಗೋಡೆಗೆ ಹೊಡೆದು ಮತ್ತೊಮ್ಮೆ ಕೇಳಿಸುತ್ತದೆ. ಸಾಹೇಬರು ಯಾರಿಗೋ ಎಷ್ಟು ರಿಯಾಯಿತಿ ಕೊಟ್ಟರು ಎಂಬುದನ್ನು ನಾನು ಪೈಸೆ ಸಮೇತ ಹೇಳಬಲ್ಲೆ. ಇಪ್ಪತ್ತು ನಿಮಿಷದಲ್ಲಿ ಎದ್ದು ಬಂದೆ. ನನ್ನ ಬೀರು ಹೇಗೆ ಒಂದು ಸಲವೂ ಮೈ ಬಗ್ಗಿಸದೆ ನೇರ ಒಳಗೆ ಬರುತ್ತಿತ್ತೋ, ಪ್ರತಿಯೊಂದು ಸದ್ದೂ ಹಾಗೆಯೇ ಬಂದಿತ್ತು.

ಚಿಕ್ಕ ಮನೆಗೆ ಹೋಗುವ ಹೊತ್ತಿಗೆ ಹತ್ತೂವರೆ ದಾಟಿತ್ತು. ನಿಜ ಹೇಳುತ್ತೇನೆ, ಅಲ್ಲಿಗೆ ನಾನು ಹೋದದ್ದು ನ್ಯಾಯಕ್ಕಾಗಿ ಮಾತ್ರ, ಒಬ್ಬರಿಗೆ ಪರೀಕ್ಷೆ ಕೊಟ್ಟ ಮೇಲೆ ಇನ್ನೊಬ್ಬರಿಗೂ ಕೊಡಬೇಕಲ್ಲ ಎಂದು. ಆ ಮನೆಯಲ್ಲಿ ಬಾಗಿಲು ತೆಗೆದರೆ ಹಾಲ್, ಬದಿಯಲ್ಲಿ ಅಡುಗೆಮನೆ, ಅದರ ಪಕ್ಕಕ್ಕೇ ಬಚ್ಚಲು. ಅಪ್ಪನ ಕೋಣೆ, ಅಂದರೆ ಅಪ್ಪನದಾಗಬಹುದಾದ ಕೋಣೆ, ಬಚ್ಚಲಿಗೆ ಆರು ಹೆಜ್ಜೆ. ಹಗಲಿನ ಓಡಾಟವೆಲ್ಲ ಮನೆಯ ಈ ಕಡೆಯಲ್ಲೇ ಮುಗಿಯುತ್ತದೆ. ಆ ಸೊಟ್ಟ ಪ್ಯಾಸೇಜು ದಾಟಿದರೆ ಹಿಂದೆ ಎರಡು ಕೋಣೆ. ಅತ್ತ ಹೋಗಬೇಕಾದವರು ಅಲ್ಲಿ ಮಲಗುವವರು ಮಾತ್ರ. ಕೋಣೆ ಚಿಕ್ಕದೇ. ಮಂಚ ಹಾಕಿದ ಮೇಲೆ ಉಳಿದದ್ದು ಚಪ್ಪಲಿ ಬಿಡುವಷ್ಟು ಜಾಗ. ನಾನು ಮಲಗಿ, ಬಾಗಿಲು ಮುಚ್ಚಿಸಿ, ಶುರು ಮಾಡಿ ಎಂದು ಕೂಗಿದೆ. ಏನೂ ಶುರುವಾಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದೆ. ಇನ್ನೇನು ಎದ್ದು ಹೋಗಿ ಬೈಯಬೇಕು ಎಂದುಕೊಂಡದ್ದು ನೆನಪಿದೆ.

ಎಚ್ಚರವಾದಾಗ ಎರಡು ಗಂಟೆ.

ಹೊರಗೆ ಬಂದರೆ ಗುಬ್ಬಿ ಹಾಲ್‌ನ ನೆಲದ ಮೇಲೆ ಕೂತು ಬನ್ ತಿನ್ನುತ್ತಿದ್ದಳು. ಸೌಟು ಬಾರಿಸಿ ಬಾರಿಸಿ ಕೈ ನೋಯುತ್ತಿದೆ ಎಂದು ದೂರು ಕೊಟ್ಟಳು. ಸಾಹೇಬರು ಊಟಕ್ಕೆ ಹೋಗಿ, ಬಂದು, ಮತ್ತೆ ಎಲ್ಲಿಗೋ ಹೋಗಿದ್ದರಂತೆ. ಅಪ್ಪ ಪ್ಯಾಸೇಜಿನ ತಿರುವಿನಲ್ಲಿ, ಮಡಿಸಿದ ಟವೆಲಿನ ಮೇಲೆ, ಕಾವಲುಗಾರನ ಹಾಗೆ ಕೂತಿದ್ದರು. ಎಬ್ಬಿಸಬಾರದಿತ್ತೇ ಎಂದು ಕೇಳಿದೆ. ಅವರು ಎದ್ದು ಟವೆಲು ಕೊಡವಿದರು. ಆಮೇಲೆ ಹೇಳಿದರು:

"ತಟ್ಟೋಣ ಅಂತ ಬಾಗಿಲ ತನಕ ಹೋದೆ ಕಣೋ. ಕೈ ಎತ್ತಿದೆ. ಒಳಗೆ ನೀನು ಗೊರಕೆ ಹೊಡೀತಿದ್ದೆ. ಆಗ ಅನ್ನಿಸ್ತು, ಇಷ್ಟು ವರ್ಷ ನಾನು ತಟ್ಟಿದ್ದೆಲ್ಲ ಆ ಮಗುವಿನ ತಲೆ ಮೇಲೇನಾ ಅಂತ."

ನಿನ್ನನ್ನು ಅವರು ಮಗು ಎಂದು ಕರೆಯುವುದು ನಿನ್ನ ಎದುರಿಗಲ್ಲ, ಆದ್ದರಿಂದ ಬರೆದೆ. ನಾನು ತಮಾಷೆ ಮಾಡಲು ಬಾಯಿ ತೆರೆದೆ, ಮುಚ್ಚಿದೆ. ಇಷ್ಟನ್ನು ನನ್ನ ಖಾತೆಗೆ ಪುಣ್ಯವಾಗಿ ಜಮಾ ಮಾಡಿಕೋ.

ಆಮೇಲೆ ನಾನು ಆ ಮೂಲೆಯಲ್ಲಿ ಒಬ್ಬನೇ ನಿಂತುಕೊಂಡೆ. ಗುಬ್ಬಿಗೆ ಇನ್ನೊಂದು ಸಲ ಬಾರಿಸು ಎಂದೆ, ಕೊನೆಯ ಸಲ ಎಂಬ ಕರಾರಿನ ಮೇಲೆ ಅವಳು ಬಾರಿಸಿದಳು. ಹಾಲ್ ಕಡೆ ತಲೆ ಹಾಕಿದರೆ ಕಿವಿ ಕಿತ್ತುಹೋಗುವ ಸದ್ದು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು, ಅಷ್ಟಕ್ಕೆ ಸದ್ದು ಯಾರದೋ ಮನೆಯದಾಗುತ್ತದೆ. ಬಾಗಿಲು ಹಾಕಿದರೆ ಅದೂ ಇಲ್ಲ. ಬೀರು ತಿರುಗದ ಕಡೆ ಸದ್ದೂ ತಿರುಗುವುದಿಲ್ಲ. ಇಪ್ಪತ್ತೊಂದು ವರ್ಷ ನಾನು ಯಾವ ಮೂಲೆಗಳಿಗೆ ಶಾಪ ಹಾಕಿದ್ದೆನೋ, ಆ ಮೂಲೆಗಳ ಹಿಂದೆ ಜನ ನೆಮ್ಮದಿಯಾಗಿ ಮಲಗಿದ್ದರು. ನಕ್ಷೆ ಹಾಕಿದವನ ಮನೆಯಲ್ಲೂ ಯಾರೋ ಹಗಲಿನಲ್ಲಿ ಮಲಗುವವರು ಇದ್ದಿರಬೇಕು. ಅವನು ಅವರನ್ನು ಕೇಳಿ ಗೆರೆ ಎಳೆದ. ನಾನು ಬೀರುವನ್ನು ಕೇಳಿ ಗೆರೆ ಎಳೆದೆ. ಅವನ ವಂಶದವರಲ್ಲೆಲ್ಲ ಕ್ಷಮೆ ಕೇಳಿಕೊಂಡೆ.

ಹಾಗಾದರೆ ನಿನ್ನ ಪ್ರಶ್ನೆಗೆ ಉತ್ತರ: ನೀನು ಮಲಗುವುದು ಚಿಕ್ಕ ಮನೆಯ ಹಿಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿ ಕಾಲಿನ ಕಡೆಗೆ ಬರುವಂತೆ. ಬಿಸಿಲು ಹತ್ತು ಗಂಟೆಯೊಳಗೆ ಆ ಕಿಟಕಿ ಬಿಟ್ಟು ಹೋಗುತ್ತದೆ. ಕೆಳಗೆ ರಸ್ತೆಯಿಲ್ಲ, ಯಾರದೋ ಸೈಕಲ್ ಶೆಡ್ಡು. ಎಷ್ಟು ದೊಡ್ಡದು ಎಂದು ನೀನು ಕೇಳಲಿಲ್ಲ, ನಾನೂ ಹೇಳುವುದಿಲ್ಲ. ಎಲ್ಲ ಸಾಮಾನೂ ಹಿಡಿಸುವುದಿಲ್ಲ, ಅದನ್ನು ಮಾತ್ರ ಹೇಳಿಬಿಡಬೇಕು. ನಮ್ಮದು ಈಗ ಎರಡು ಲಾರಿ. ಆ ಮನೆ ಒಂದೂಕಾಲು ಲಾರಿಯದು. ಮುಕ್ಕಾಲು ಲಾರಿ ಬಿಡಬೇಕು. ಯಾವುದನ್ನು ಬಿಡಬೇಕೆಂದು ಪಟ್ಟಿ ಮಾಡಿದೆ, ಮೊದಲನೆಯದು ಬೀರು.

ಹೌದು, ತೇಗದ ಮೂರು ಬಾಗಿಲಿನ ಬೀರು, ಮಧ್ಯದಲ್ಲಿ ಆಳೆತ್ತರದ ಕನ್ನಡಿ. ನಾನು ಹೊರುವ ಕೆಲಸಕ್ಕೆ ಸೇರಿದ ಮೊದಲ ವರ್ಷ, ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಮುದುಕಿ ನನಗೆ ಸುಮ್ಮನೆ ಕೊಟ್ಟುಹೋದದ್ದು. ನನ್ನದು ಎಂದು ಹೇಳಿಕೊಳ್ಳಲು ಆಗ ನನ್ನ ಹತ್ತಿರ ಇದ್ದದ್ದು ಅದೊಂದೇ. ಕೋಣೆಯಿರಲಿಲ್ಲ, ಬೀರು ಇತ್ತು. ಆಮೇಲೆ ನಾವು ಮಾಡಿದ ಮನೆಗಳನ್ನೆಲ್ಲ ನಾನು ಆ ಬೀರುವಿಗೆ ಹೊಂದುವಂತೆ ಹುಡುಕಿದೆ. ಈಗ ಬೇಡ. ಕಂಪನಿಯ ಗೋದಾಮಿನಲ್ಲಿ ಅದಕ್ಕೊಂದು ಜಾಗ ನೋಡಿದ್ದೇನೆ. ಬೀರುವಿನ ವಿಷಯದಲ್ಲಿ ಇನ್ನೊಂದು ಮಾತಿದೆ, ಆದರೆ ಅದು ಈ ಪತ್ರದಲ್ಲಿ ಹಿಡಿಸುವುದಿಲ್ಲ.

ಮುಂಗಡ ಕೊಡಲು ಶನಿವಾರ ಸಂಜೆ ಐದರ ತನಕ ಗಡುವು. ಸಾಹೇಬರು ನಮ್ಮನ್ನು ಕಂಡರೆ ಈಗ ಸ್ವಲ್ಪ ದೂರ ನಿಂತು ಮಾತಾಡುತ್ತಾರೆ, ಆದರೂ ಚಿಕ್ಕ ಮನೆಯ ಬೀಗದ ಕೈ ಅಲ್ಲಿಯವರೆಗೆ ನನ್ನ ಹತ್ತಿರ ಬಿಟ್ಟಿದ್ದಾರೆ. ಅದನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅಪ್ಪ ನಾಳೆ ಬಿ.ಪಿ. ತೋರಿಸಲು ನಿಮ್ಮ ಆಸ್ಪತ್ರೆಗೆ ಬರುತ್ತಾರೆ, ಅವರ ಕೈಯಲ್ಲೇ ಎರಡೂ ಬರುತ್ತವೆ. ಯಾವುದಕ್ಕೆ ಹೂಂ ಅನ್ನುತ್ತೀಯ, ಯಾವುದಕ್ಕೆ ಉಹೂಂ ಅನ್ನುತ್ತೀಯ, ಅದು ನಿನ್ನದು. ನಾನು ಈ ಸಲ ಸಂಖ್ಯೆ ಹೇಳುವುದಿಲ್ಲ.

ಹೊರುವುದನ್ನು ಕಲಿತು, ಇಳಿಸುವುದನ್ನು ಈಗ ಕಲಿಯುತ್ತಿರುವ,
ನಿನ್ನ ಸಾಮಾನು ಸಾಗಿಸುವವನು

ತಾ.ಕ.: ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಹಿಡಿಸುವುದಿಲ್ಲ ಎಂದು ಬರೆದದ್ದನ್ನು ಹಿಡಿಸಲೇಬೇಕು.

ನಿನ್ನೆ ಸಂಜೆ ಕಂಪನಿಯಿಂದ ಮೂವರನ್ನು ಕರೆತಂದು ಬೀರುವನ್ನು ಗೋಡೆಯಿಂದ ಸರಿಸಿದೆ. ಹಿಂದೆ ಆ ಬಾಗಿಲು. ಗುಬ್ಬಿ ಓಡಿಬಂದು ಅದರ ಚೌಕಟ್ಟಿನ ಮೇಲೆಲ್ಲ ಕೈಯಾಡಿಸಿದಳು, ಬಗ್ಗಿ ಕೆಳಗೂ ನೋಡಿದಳು, ಆಮೇಲೆ ಕೇಳಿದಳು:

"ಅಪ್ಪಾ, ಮೊಳೆ ಎಲ್ಲಿ?"

ಮೊಳೆ ಇಲ್ಲ. ಯಾವತ್ತೂ ಇರಲಿಲ್ಲ. ಈ ಮನೆಗೆ ನಾನು ಸಾಮಾನಿನ ಜೊತೆ ಒಂದು ದಿನ ಮುಂಚೆ ಬಂದೆ, ನೀನು ಮರುದಿನ ಮಗುವನ್ನು ಎತ್ತಿಕೊಂಡು ಬಂದೆ. ಮುಂಬಾಗಿಲು ತೆಗೆದ ಕೂಡಲೇ ಬೀರು ಕಾಣಬೇಕೆಂದು ನನಗಿತ್ತು. ಅಂಥ ಜಾಗ ಇದ್ದದ್ದು ಅದೊಂದೇ. ಓನರ್ ಕೆಳಗಿಳಿದು ಬಂದು, ಅಲ್ಲಿ ಬಾಗಿಲಿದೆಯಪ್ಪ, ಮುಂದೆ ತೊಂದರೆಯಾಗುತ್ತದೆ ಎಂದೂ ಹೇಳಿದರು. ಇಂಥ ನೂರಾರು ಮನೆ ನೋಡಿದ್ದೇನೆ ಎಂದೆ. ವಾರದ ಮೇಲೆ ನೀನು ಪ್ಯಾಸೇಜಿನ ಕಡೆಯಿಂದ ನೋಡಿ, ಈ ಬಾಗಿಲು ಏಕೆ ತೆಗೆಯುವುದಿಲ್ಲ ಎಂದು ಕೇಳಿದಾಗ, ಬೀರು ತುಂಬಿತ್ತು, ಸರಿಸಲು ನಾಲ್ಕು ಜನ ಬೇಕಿತ್ತು. ಓನರ್ ಮೊಳೆ ಹೊಡೆಸಿದ್ದಾರೆ ಎಂದು ಬಾಯಿಗೆ ಬಂತು. ಆಗ ನೀನು ಹಗಲು ಡ್ಯೂಟಿಯಲ್ಲಿದ್ದೆ, ಅಪ್ಪ ಇನ್ನೂ ನಮ್ಮ ಜೊತೆ ಇರಲಿಲ್ಲ. ಯಾರಿಗೆ ಏನು ನಷ್ಟ ಎಂದುಕೊಂಡೆ. ಆಮೇಲೆ ಅಪ್ಪ ಬಂದರು, ನಿನಗೆ ರಾತ್ರಿ ಡ್ಯೂಟಿ ಬಂತು. ಸುಳ್ಳನ್ನೂ ಬೀರುವನ್ನೂ ಖಾಲಿ ಇದ್ದಾಗಲೇ ಸರಿಸಬೇಕು, ತುಂಬಿದ ಮೇಲೆ ಒಬ್ಬನಿಂದ ಆಗುವುದಿಲ್ಲ. ಎಷ್ಟೋ ವರ್ಷ ನನಗೇ ಮರೆತುಹೋಗಿತ್ತು. ಆದರೆ ಅವತ್ತು ನಿನ್ನ ಬದಿಯಲ್ಲಿ ಮಲಗಿ ಟಕ್ಕು ಎಣಿಸುವಾಗ ಮರೆತಿರಲಿಲ್ಲ. ಗೋಡೆ ನೋಡಿದೆ ಎಂದು ಬರೆದೆನಲ್ಲ, ನನಗೆ ಕಂಡದ್ದು ಅದರಾಚೆ ಬಾಗಿಲಿಗೆ ಅಡ್ಡ ನಿಂತ ಬೀರು.

ಗುಬ್ಬಿಗೆ ಒಂದು ಚಾಕೊಲೇಟು ಕೊಟ್ಟಿದ್ದರೆ ಭಾನುವಾರ ನಿನಗೆ ಹೇಳುತ್ತಿರಲಿಲ್ಲ. ಕೊಡಲಿಲ್ಲ. ಅಮ್ಮನಿಗೆ ನಾನೇ ಬರೆಯುತ್ತೇನೆ ಎಂದೆ. ಇವತ್ತು ಬೆಳಿಗ್ಗೆ ಮಹಡಿ ಹತ್ತಿ ಓನರಿಗೂ ಹೇಳಿ ಬಂದೆ. ಅವರು, ಅದಕ್ಕೇನಾ ಸಿಸ್ಟರ್ ನಮ್ಮನ್ನು ಮಾತಾಡಿಸ್ತಿರಲಿಲ್ಲ ಎಂದಷ್ಟೇ ಕೇಳಿದರು.

ಬಾಗಿಲಿನ ಹಿಡಿಕೆಗೆ ಎಣ್ಣೆ ಬಿಟ್ಟಿದ್ದೇನೆ. ಅಪ್ಪ ನಿನ್ನೆಯಿಂದ ಆ ದಾರಿಯಲ್ಲೇ ಹೋಗುತ್ತಿದ್ದಾರೆ. ಹಾಗಾಗಿ ಯಾವ ಮನೆಯನ್ನೂ ಕೊಳ್ಳದಿದ್ದರೂ ಇಲ್ಲಿ ನಿನಗೆ ನಿದ್ದೆ ಬರುತ್ತದೆ. ಇದು ತಿಳಿದ ಮೇಲೆ ನೀನು ಯಾವ ಮನೆಗೂ ಬಾರದೆಯೂ ಇರಬಹುದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಬರೆದಿದ್ದೇನೆ.

ಒಂದೇ ಕೋರಿಕೆ. ಶನಿವಾರ ಡ್ಯೂಟಿ ಮುಗಿಸಿ ಆ ಚಿಕ್ಕ ಮನೆಗೆ ಒಬ್ಬಳೇ ಹೋಗು. ಮಡಿಸುವ ಮಂಚ ಹಿಂದಿನ ಕೋಣೆಯಲ್ಲೇ ಬಿಟ್ಟು ಬಂದಿದ್ದೇನೆ, ತೊಳೆದ ಹೊದಿಕೆ ಇದೆ. ಐದು ಗಂಟೆ ದಾಟಿ ಮುಂಗಡದ ಗಡುವು ತಪ್ಪಿದರೆ ತಪ್ಪಲಿ. ಒಳಗಿನಿಂದ ಚಿಲಕ ಹಾಕಿಕೋ. ನಾವು ಯಾರೂ ತಟ್ಟುವುದಿಲ್ಲ.